ಕಾರು ನೋಡೋಕೆ ಮುಂಚೆ ಕರೆಂಟ್ ಬಿಲ್ ನೋಡಿ

(ಕೊಡಗಿನ ಗೋಣಿಕೊಪ್ಪದಲ್ಲಿ ಎಲೆಕ್ಟ್ರಿಕ್ ಗಾಡಿ ಖರ್ಚಿನ ಬಗ್ಗೆ ಮಾತಾಡಿದ್ದನ್ನ ಕೆಲವರು ಟೈಪ್ ಮಾಡಿ ಕಳ್ಸಿ ಅಂದ್ರು, ಆಡಿದ ಮಾತನ್ನ ಹಂಗೇ ಇಟ್ಟಿದೀನಿ, ಮಧ್ಯ ಕರೆಂಟ್ ಹೋಗಿ ಮೈಕ್ ಆಫ್ ಆದಾಗಿನ ಗಲಾಟೆ ಮಾತ್ರ ಬಿಟ್ಟಿದೀನಿ.)

ಎಲ್ಲರಿಗೂ ನಮಸ್ಕಾರ. ನಾನು ವೈರಿಂಗ್ ಕಾಂಟ್ರಾಕ್ಟರ್, ಗಾಡಿ ಮಾರೋನಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಇವಿ, ಅಂದ್ರೆ ಎಲೆಕ್ಟ್ರಿಕ್ ಗಾಡಿ, ಅಂದ ತಕ್ಷಣ ಜನ ಒಂದೋ ಪೂರ್ತಿ ಅದರ ಪರ ಇರ್ತಾರೆ ಇಲ್ಲಾ ಪೂರ್ತಿ ವಿರೋಧ. ನಂಗೆ ಎರಡೂ ಬೇಡ. ಶೋರೂಮಲ್ಲಿ ಸಬ್ಸಿಡಿ ಎಷ್ಟು ಸಬ್ಸಿಡಿ ಎಷ್ಟು ಅಂತ ಹತ್ತು ಸಲ ಕೇಳ್ತಾರೆ, ಮನೇಲಿ ಮೀಟರ್ ಪಕ್ಕ ನಿಂತು ನಾನು ನಿಮ್ ಮೀಟರಿಗೆ ಮಂಜೂರಾದ ಲೋಡ್ ಎಷ್ಟು ಸರ್, ಗೃಹಜ್ಯೋತಿ ಫ್ರೀ ಕರೆಂಟ್ ಎಷ್ಟು ಯೂನಿಟ್ ಬಂದಿದೆ ಅಂತ ಕೇಳಿದ್ರೆ ಯಾರಿಗೂ ಗೊತ್ತಿರಲ್ಲ. ಹತ್ತು ವರ್ಷ ಗಾಡಿ ಇಟ್ಕೊಳ್ಳೋರಿಗೆ ದುಡ್ಡು ಉಳಿಯೋದೂ ಸೋರೋದೂ ಎರಡೂ ಆ ಮೀಟರ್ ಹತ್ರಾನೇ. ಇವತ್ತು ಅದನ್ನೇ ಸ್ವಲ್ಪ ಬಿಡಿಸಿ ಹೇಳೋಣ ಅಂತ.

ಸಬ್ಸಿಡಿ ಕಥೆ ಬೇಗ ಮುಗಿಸ್ತೀನಿ, ಯಾಕಂದ್ರೆ ಅದೇ ಬೇಗ ಬೇಗ ಮುಗೀತಾ ಬಂದಿದೆ. ಕೇಂದ್ರದ ಫೇಮ್-2 ಸ್ಕೀಮ್ 2019 ಏಪ್ರಿಲಲ್ಲಿ ಶುರುವಾಯ್ತು. 2021 ಜೂನಲ್ಲಿ ಸ್ಕೂಟರಿಗೆ ಬ್ಯಾಟರಿಯ ಒಂದು ಕಿಲೋವ್ಯಾಟ್ ಅವರ್‌ಗೆ, ಅಂದ್ರೆ ಒಂದು ಯೂನಿಟ್ಟಿಗೆ, 15,000 ರೂಪಾಯಿ ಮಾಡಿದ್ರು, ಅಂದ್ರೆ 3 ಯೂನಿಟ್ ಹಿಡಿಯೋ ಬ್ಯಾಟರಿ ಇದ್ರೆ 45,000ದ ತನಕ. 2023 ಜೂನಲ್ಲಿ 10,000ಕ್ಕೆ ಇಳೀತು, ಜೊತೆಗೆ ಗಾಡಿ ಬೆಲೆಯ 15% ಮೀರಂಗಿಲ್ಲ ಅಂತ ಕಟ್ಟು ಹಾಕಿದ್ರು. 2024 ಏಪ್ರಿಲಲ್ಲಿ ಬೇರೆ ಸ್ಕೀಮಲ್ಲಿ 5,000, ಒಟ್ಟು 10,000 ಮೀರಂಗಿಲ್ಲ. ಆಮೇಲೆ ಅಕ್ಟೋಬರಲ್ಲಿ ಪಿಎಂ ಇ-ಡ್ರೈವ್ ಅನ್ನೋ ಸ್ಕೀಮ್ ಬಂತು, ಅದರಲ್ಲಿ 2025 ಏಪ್ರಿಲಿಂದ 2,500, ಒಟ್ಟು 5,000 ಮೀರಂಗಿಲ್ಲ, ಸ್ಕೂಟರಿಗೆ ಗಡುವು 2026 ಮಾರ್ಚ್ 31 ಅಂತ ಇಟ್ಟಿದ್ದು. 45 ಸಾವಿರದಿಂದ 5 ಸಾವಿರಕ್ಕೆ ಬಂದು ನಿಂತ ಕಥೆ ಇದು. ಸ್ವಂತಕ್ಕೆ ತಗೊಳ್ಳೋ ಕಾರಿಗೆ ಈ ಸ್ಕೀಮುಗಳಲ್ಲಿ ಏನೂ ಇಲ್ಲ, ಫೇಮ್-2ರಲ್ಲೂ ಇರಲಿಲ್ಲ, ಇದರಲ್ಲೂ ಇಲ್ಲ, ಕಾರಿಗೆ ಸಬ್ಸಿಡಿ ಕೊಡಿಸ್ತೀನಿ ಅಂತ ಯಾರಾದ್ರೂ ಫೋನ್ ಮಾಡಿದ್ರೆ ಕಟ್ ಮಾಡಿ. ಸ್ಕೂಟರಿಗೆ ಸಬ್ಸಿಡಿ ಇನ್ನೂ ಇದ್ರೂ ನೀವು ಅರ್ಜಿ ಹಾಕೋ ಕೆಲಸ ಇಲ್ಲ, ಡೀಲರ್ ಹತ್ರ ಆಧಾರ್ ಕೊಟ್ರೆ ಇ-ವೋಚರ್ ಬರುತ್ತೆ, ಬಿಲ್ಲಲ್ಲೇ ಕಳೀಬೇಕು. ಬಿಲ್ಲಲ್ಲಿ ಕಳೆದಿದ್ದು ಕಾಣ್ಲಿಲ್ಲ ಅಂದ್ರೆ ಅಲ್ಲೇ ಕೇಳಿ, ಚಾರ್ಜರಿಗೆ ಬೇರೆ ದುಡ್ಡು ಹಾಕಿದಾರಾ ಅಂತಾನೂ ನೋಡಿ, 2023ರಲ್ಲಿ ಕೆಲವು ಕಂಪನಿಗಳು ಚಾರ್ಜರ್ ಬೇರೆ ಅಂತ ವಸೂಲಿ ಮಾಡಿದ್ದನ್ನ ಗ್ರಾಹಕರಿಗೆ ವಾಪಸ್ ಕೊಡ್ಬೇಕಾಯ್ತು.

ಕಾರು ತಗೊಳ್ಳೋರಿಗೆ ನಿಜವಾದ ರಿಯಾಯಿತಿ ಎರಡೇ ಕಡೆ ಇರೋದು, ಜಿಎಸ್‌ಟಿ ಮತ್ತೆ ರೋಡ್ ಟ್ಯಾಕ್ಸ್. ಇವಿಗೆ ಜಿಎಸ್‌ಟಿ 2019 ಆಗಸ್ಟಿಂದ 5%. ಸಣ್ಣ ಪೆಟ್ರೋಲ್ ಕಾರಿಗೆ 2025 ಸೆಪ್ಟೆಂಬರ್ 22ರ ತನಕ 28% ಪ್ಲಸ್ ಸೆಸ್ ಇತ್ತು, ಈಗ 18% ಆಗಿದೆ. ಅಂದ್ರೆ ಇವಿಗೆ ತೆರಿಗೆ ಏರಿಲ್ಲ, ಆದ್ರೂ ಪೆಟ್ರೋಲ್ ಕಾರಿನ ಬೆಲೆ ಇಳಿದು ಅಂತರ ಕಮ್ಮಿಯಾಯ್ತು, ಹಳೇ ಯೂಟ್ಯೂಬ್ ವಿಡಿಯೋ ನೋಡಿ ಲೆಕ್ಕ ಹಾಕೋರು ಇದನ್ನ ಮರೀತಾರೆ. ರೋಡ್ ಟ್ಯಾಕ್ಸ್ ಇನ್ನೂ ದೊಡ್ಡದು. ನಮ್ ರಾಜ್ಯದಲ್ಲಿ 10ರಿಂದ 20 ಲಕ್ಷದ ಪೆಟ್ರೋಲ್ ಕಾರಿಗೆ 17%, ಅದರ ಮೇಲೆ ಸೆಸ್, 12 ಲಕ್ಷದ ಗಾಡಿಗೆ ಎರಡು ಲಕ್ಷದ ಮೇಲೆ ಬರೀ ಟ್ಯಾಕ್ಸೇ ಹೋಯ್ತು. ಇವಿಗೆ ಮೊದ್ಲು ಪೂರ್ತಿ ಮಾಫಿ ಇತ್ತು, ದೇಶದಲ್ಲೇ ಮೊದಲು ಇವಿ ಪಾಲಿಸಿ ತಂದಿದ್ದು ಕರ್ನಾಟಕ, 2017ರಲ್ಲಿ. 2024ರಲ್ಲಿ 25 ಲಕ್ಷ ಮೀರಿದ ಇವಿಗೆ 10% ಅಂತ ಹಾಕಿದ್ರು. ಆ ಲೆಕ್ಕದಲ್ಲಿ 24 ಮುಕ್ಕಾಲು ಲಕ್ಷದ ಮಾಡೆಲ್ಲಿಗೂ 25 ಕಾಲು ಲಕ್ಷದ ಮಾಡೆಲ್ಲಿಗೂ ನಡುವೆ ಇದ್ದಿದ್ದು ಅರ್ಧ ಲಕ್ಷ ಅಲ್ಲ, ಮೂರು ಲಕ್ಷ, ಸನ್‌ರೂಫ್ ಬೇಕು ಅಂತ ಹಠ ಮಾಡೋ ಮಕ್ಕಳಿಗೆ ಇದನ್ನ ಹೇಳಿ. ಈ ಟ್ಯಾಕ್ಸ್ ವಿಷಯ ವಿಧಾನಸಭೆಯಲ್ಲಿ ಯಾವಾಗ ಬೇಕಾದ್ರೂ ಬದಲಾಗಬಹುದು, ಬುಕ್ ಮಾಡೋ ದಿನದ ಆನ್‌ರೋಡ್ ಕೊಟೇಶನ್ನಲ್ಲಿ ಟ್ಯಾಕ್ಸ್ ಸಾಲನ್ನ ಓದಿ, ಡೌಟ್ ಬಂದ್ರೆ ಮಡಿಕೇರಿ ಆರ್‌ಟಿಓದಲ್ಲಿ ಕೇಳಿ ಆಮೇಲೆ ಅಡ್ವಾನ್ಸ್ ಕೊಡಿ.

ಚಿಲ್ಲರೆ ಒಂದೆರಡಿದೆ. ರಿಜಿಸ್ಟ್ರೇಶನ್ ಫೀಸ್ 2021 ಆಗಸ್ಟಿಂದ ಇಲ್ಲ. ಥರ್ಡ್ ಪಾರ್ಟಿ ಇನ್ಶೂರೆನ್ಸಲ್ಲಿ 2022 ಜೂನಿಂದ 15% ಕಮ್ಮಿ. ಟ್ಯಾಕ್ಸಿ, ಆಟೋ ಓಡಿಸೋ ಅಣ್ಣಂದಿರಿಗೆ ಬ್ಯಾಟರಿ ಗಾಡಿಗೆ ಪರ್ಮಿಟ್ ಬೇಡ ಅಂತ 2018ರಲ್ಲೇ ಕೇಂದ್ರ ಹೇಳಿದೆ. ಇನ್‌ಕಮ್ ಟ್ಯಾಕ್ಸಲ್ಲಿ 80ಇಇಬಿ ಅಂತ ಒಂದಿದೆ, ಲೋನ್ ಬಡ್ಡಿಗೆ ವರ್ಷಕ್ಕೆ ಒಂದೂವರೆ ಲಕ್ಷದ ತನಕ ವಿನಾಯಿತಿ, ಆದ್ರೆ ಲೋನ್ 2019 ಏಪ್ರಿಲ್ 1ರಿಂದ 2023 ಮಾರ್ಚ್ 31ರ ಒಳಗೆ ಸ್ಯಾಂಕ್ಷನ್ ಆಗಿರ್ಬೇಕು, ಹಳೇ ರೆಜಿಮಲ್ಲಿ ಇರ್ಬೇಕು. ಆಗ ತಗೊಂಡೋರು ಇನ್ನೂ ಇಎಂಐ ಕಟ್ತಿದ್ರೆ ನಿಮ್ ಆಡಿಟರಿಗೆ ನೆನಪಿಸಿ. ಹೊಸದಾಗಿ ತಗೊಳ್ಳೋರಿಗೆ ಇಲ್ಲ, ಆದ್ರೂ ಇವತ್ತಿಗೂ ಇದನ್ನ ಹೇಳಿ ಗಾಡಿ ಮಾರೋರು ಇದ್ದಾರೆ.

ಸರಿ, ಈಗ ಮೀಟರ್ ಹತ್ರ ಬನ್ನಿ.

ನಾವು ಕೊಡಗಿನೋರು ಬರೋದು ಚೆಸ್ಕಾಂ ಅನ್ನೋ ಕರೆಂಟ್ ಕಂಪನಿ ಕೆಳಗೆ, ಬಾಯಲ್ಲಿ ಇನ್ನೂ ಕೆಇಬಿ ಅಂತೀವಿ. 2025-26ರ ದರ ಹಿಡ್ಕೊಂಡು ಹೇಳ್ತೀನಿ. ಮನೆ ಕನೆಕ್ಷನ್ನಿಗೆ ಯೂನಿಟ್ಟಿಗೆ 5.80, ಮೇಲೆ ಪೆನ್ಶನ್ ಗ್ರಾಚ್ಯುಟಿ ಅಂತ 36 ಪೈಸೆ, ಅದರ ಮೇಲೆ 9% ತೆರಿಗೆ, ಎಲ್ಲ ಸೇರಿ ಹತ್ತಿರ ಹತ್ತಿರ 6.70 ಅನ್ಕೊಳ್ಳಿ. ಬೆಟ್ಟದ ರೋಡಲ್ಲಿ ಕಾರು ಕಿಲೋಮೀಟರಿಗೆ 160 ವ್ಯಾಟ್ ಅವರ್ ಸುಮಾರು ತಿನ್ನುತ್ತೆ, ಚಾರ್ಜರಲ್ಲಿ ಬಿಸಿಯಾಗಿ ಹೋಗೋದೂ ಸೇರಿದ್ರೆ ಮೀಟರಲ್ಲಿ 175. ಅಂದ್ರೆ ಕಿಲೋಮೀಟರಿಗೆ 1 ರೂಪಾಯಿ 20 ಪೈಸೆ ಆಸುಪಾಸು. ಪೆಟ್ರೋಲ್ 100 ದಾಟಿ ಎಷ್ಟೋ ಕಾಲ ಆಯ್ತು, ನಮ್ ತಿರುವಲ್ಲಿ ಲೀಟರಿಗೆ 14 ಕೊಟ್ರೆ ಪುಣ್ಯ, ಅಲ್ಲಿಗೆ ಏಳು ರೂಪಾಯಿ ಮೇಲಾಯ್ತು. ಇಷ್ಟು ಎಲ್ಲರೂ ಹೇಳೋದೇ, ಇದರಲ್ಲಿ ವಿಶೇಷ ಇಲ್ಲ.

ಯಾರೂ ಹೇಳದೇ ಇರೋದು ಗೃಹಜ್ಯೋತಿ. 2023 ಆಗಸ್ಟ್ ಬಿಲ್ಲಿಂದ ಶುರುವಾಗಿದ್ದು, ನಿಮ್ಮ 2022-23ರ ಸರಾಸರಿ ಯೂನಿಟ್, ಅದಕ್ಕೆ 10% ಸೇರ್ಸಿ, ಅಷ್ಟು ಫ್ರೀ. ಅದಕ್ಕಿಂತ ಜಾಸ್ತಿ ಸುಟ್ರೆ ಜಾಸ್ತಿ ಆಗಿದ್ದಕ್ಕೆ ಮಾತ್ರ ದುಡ್ಡು. ಆದ್ರೆ 200 ದಾಟಿದ್ರೆ ಪೂರ್ತಿ ಬಿಲ್ ನೀವೇ ಕಟ್ಬೇಕು, ಆ ತಿಂಗಳು ಒಂದು ಯೂನಿಟ್ಟೂ ಫ್ರೀ ಇಲ್ಲ.

ಈಗ ಒಂದು ಮನೆ ತಗೊಳ್ಳಿ. ಸರಾಸರಿ 110 ಇತ್ತು, ಹಾಗಾಗಿ 121 ಫ್ರೀ. ಈಗ ಸುಡ್ತಿರೋದು 115. ಬಿಲ್ ಸೊನ್ನೆ. ಮಗಳಿಗೆ ಕಾಲೇಜಿಗೆ ಅಂತ ಎಲೆಕ್ಟ್ರಿಕ್ ಸ್ಕೂಟರ್ ತಂದ್ರು, ತಿಂಗಳಿಗೆ 900 ಕಿಲೋಮೀಟರ್ ಓಡ್ಸಿದ್ರೂ 35 ಯೂನಿಟ್. ಒಟ್ಟು 150, ಜಾಸ್ತಿ ಆಗಿದ್ದು 29, ಬಿಲ್ 200 ರೂಪಾಯಿ ಆಸುಪಾಸು. ಪೆಟ್ರೋಲ್ ಸ್ಕೂಟರಿಗೆ ಅಷ್ಟು ದೂರಕ್ಕೆ 2,000 ಬೇಕಿತ್ತು. ಕಣ್ಣು ಮುಚ್ಕೊಂಡು ಲಾಭ, ಸ್ಕೂಟರ್ ವಿಷಯದಲ್ಲಿ ನಾನು ಜಾಸ್ತಿ ಯೋಚನೆ ಮಾಡ್ಬೇಡಿ ಅಂತೀನಿ.

ಅದೇ ಮನೆಗೆ ಕಾರು ಬಂತು, ತಿಂಗಳಿಗೆ 800 ಕಿಲೋಮೀಟರ್, ಮೀಟರಲ್ಲಿ 140 ಯೂನಿಟ್. ಒಟ್ಟು 255. ಗೃಹಜ್ಯೋತಿ ಹೋಯ್ತು. 255ಕ್ಕೂ 6.70ರ ಲೆಕ್ಕ, ಮೇಲೆ 3 ಕಿಲೋವ್ಯಾಟ್ ಲೋಡಿಗೆ ಕಿಲೋವ್ಯಾಟಿಗೆ 145ರಂತೆ ಫಿಕ್ಸೆಡ್ ಚಾರ್ಜ್, ಒಟ್ಟು 2,100 ದಾಟುತ್ತೆ. ಶೋರೂಮಲ್ಲಿ ಹೇಳಿದ್ದು ತಿಂಗಳಿಗೆ 900 ರೂಪಾಯಿ ಅಂತ, ಅವರು ಸುಳ್ಳು ಹೇಳಿಲ್ಲ, 140 ಯೂನಿಟ್ಟಿಗೆ ಅಷ್ಟೇ ಆಗೋದು, ಆದ್ರೆ ನಿಮ್ಮನೇಲಿ ಸೊನ್ನೆ ಇದ್ದ ಬಿಲ್ಲು 2,100 ಆಯ್ತಲ್ಲ. ಆದ್ರೂ ಪೆಟ್ರೋಲಿಗೆ ಅದೇ 800 ಕಿಲೋಮೀಟರಿಗೆ 5,900 ಕೊಡ್ತಿದ್ರಿ, ತಿಂಗಳಿಗೆ 3,800 ಉಳೀತು, ಇದನ್ನೂ ಹೇಳ್ಬೇಕು. ಲಾಭ ಇಲ್ಲ ಅಂತಲ್ಲ, ಹೇಳಿದ್ದಕ್ಕಿಂತ ಕಮ್ಮಿ ಅಂತ.

ಮಜಾ ಇರೋದು 200ರ ಗಡಿಯಲ್ಲಿ. ಕಾರು ಕಮ್ಮಿ ಓಡಿಸೋ ಮನೆ, ತಿಂಗಳ ಕೊನೆಗೆ 199ಕ್ಕೆ ನಿಂತ್ರೆ ಜಾಸ್ತಿ ಆದ 78 ಯೂನಿಟ್ಟಿಗೆ 520 ರೂಪಾಯಿ ಆಗುತ್ತೆ. 201 ಆದ್ರೆ ಪೂರ್ತಿ ಬಿಲ್ಲು, ಫಿಕ್ಸೆಡ್ ಸೇರಿ 1,780 ಸಮೀಪ. ಎರಡು ಯೂನಿಟ್ಟಿಗೆ ಸಾವಿರದ ಮೇಲೆ ವ್ಯತ್ಯಾಸ! (ಇಲ್ಲಿ ಕೂತಿರೋ ಮೀಟರ್ ರೀಡರ್ ಅಣ್ಣ ನಗ್ತಿದ್ದಾರೆ, ಅವರಿಗೆ ಗೊತ್ತು.) ಅದಕ್ಕೇ ಹೇಳೋದು, ರೀಡಿಂಗ್ ಯಾವ ತಾರೀಕು ಬರ್ತಾರೆ ಅಂತ ಗೊತ್ತಿಟ್ಕೊಳ್ಳಿ, ಅದಕ್ಕೆ ನಾಲ್ಕೈದು ದಿನ ಮುಂಚೆ ಮೀಟರ್ ನೋಡಿ, 190 ಬಂದಿದ್ರೆ ಆ ವಾರ ಮೈಸೂರಿಗೆ ಹೋದಾಗ ಹೊರಗಡೆ ಚಾರ್ಜ್ ಮಾಡ್ಕೊಂಡು ಬನ್ನಿ. ಯೂನಿಟ್ಟಿಗೆ 20 ಕೊಟ್ಟು 10 ಯೂನಿಟ್ ತುಂಬಿಸಿದ್ರೂ 200 ರೂಪಾಯಿ, ಮನೇಲಿ ಸಾವಿರ ಉಳೀತು. ಸಾಮಾನ್ಯವಾಗಿ ಹೊರಗಿನ ಚಾರ್ಜಿಂಗ್ ದುಬಾರಿ ಅಂತಾನೇ ನಾನು ಹೇಳೋದು, ಇದೊಂದು ಕಡೆ ಮಾತ್ರ ಉಲ್ಟಾ.

ಎರಡನೇ ಸೋರಿಕೆ ದೊಡ್ಡ ಚಾರ್ಜರ್. ಕಾರಿನ ಜೊತೆ 7.2 ಕಿಲೋವ್ಯಾಟ್ ವಾಲ್‌ಬಾಕ್ಸ್ ಫ್ರೀ ಅಂತಾರೆ, ಫ್ರೀ ಅಂದ್ರೆ ನಮ್ಮ ಜನಕ್ಕೆ ಬಿಡೋಕಾಗಲ್ಲ. ಅದನ್ನ ಹಾಕ್ಬೇಕಂದ್ರೆ ಮಂಜೂರಾದ ಲೋಡ್ 3ರಿಂದ 10 ಕಿಲೋವ್ಯಾಟಿಗೆ ಏರಿಸ್ಬೇಕು. ಡೆಪಾಸಿಟ್, ಕೇಬಲ್, ಕೆಲವು ಕಡೆ ತ್ರೀ ಫೇಸ್, ಅದೆಲ್ಲ ಒಂದ್ಸಲದ ಖರ್ಚು ಬಿಡಿ. 7 ಕಿಲೋವ್ಯಾಟ್ ಇಂಟು 145, ತಿಂಗಳಿಗೆ 1,015 ರೂಪಾಯಿ ಫಿಕ್ಸೆಡ್ ಚಾರ್ಜ್ ಜಾಸ್ತಿ, ಕಾರು ಶೆಡ್ಡಲ್ಲೇ ನಿಂತಿದ್ರೂ ಕಟ್ಬೇಕು, ವರ್ಷಕ್ಕೆ 12,000 ಮೇಲೆ. ಕಾರು ಚಾರ್ಜ್ ಮಾಡಿದ ಕರೆಂಟಿಗಿಂತ ಇದೇ ಜಾಸ್ತಿ ಆಗೋ ಮನೆಗಳಿವೆ. 15 ಆಂಪ್ ಪ್ಲಗ್ಗಿಗೆ ಹಾಕೋ ಸಣ್ಣ ಚಾರ್ಜರ್ 3 ಕಿಲೋವ್ಯಾಟ್ ಎಳೆಯುತ್ತೆ, ರಾತ್ರಿ ಹತ್ತು ಗಂಟೆ ಬಿಟ್ರೆ 30 ಯೂನಿಟ್, ಅದು 150 ಕಿಲೋಮೀಟರ್ ಮೇಲೆ. ವಿರಾಜಪೇಟೆಗೆ ಹೋಗಿ ಬರೋಕೆ ಎಷ್ಟು ಬೇಕು ಹೇಳಿ? ದಿನಾ ಮೈಸೂರಿಗೆ ಹೋಗಿ ಬರೋರು ಯಾರಾದ್ರೂ ಇದ್ರೆ ಅವರು ದೊಡ್ಡದು ಹಾಕ್ಕೊಳ್ಳಲಿ.

ಸಣ್ಣದಾದ್ರೂ ಕೆಲಸ ಸರಿಯಾಗಿ ಮಾಡ್ಸಿ. ನಮ್ಮ ತೋಟದ ಮನೆಗಳಲ್ಲಿ ಬೋರ್ಡ್ ಒಂದು ಕಡೆ, ಶೆಡ್ ಅಂಗಳದ ಆಚೆ ಇನ್ನೊಂದು ಕಡೆ, ಮಧ್ಯ ಯಾವ ಕಾಲದ್ದೋ ತೆಳು ವೈರ್. ಹತ್ತು ಗಂಟೆ ಸತತ ಲೋಡ್ ಅಂದ್ರೆ ಗೀಸರ್ ಥರ ಅಲ್ಲ, ಸಾಮಾನ್ಯ ಸಾಕೆಟ್ ಕರಗುತ್ತೆ. ಬೋರ್ಡಿಂದ ಸಪರೇಟ್ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ದೂರ ಜಾಸ್ತಿ ಇದ್ರೆ 6, ಇಂಡಸ್ಟ್ರಿಯಲ್ ಸಾಕೆಟ್, ಅದಕ್ಕೇ ಅಂತ ಒಂದು ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ಲೈನ್ ಕಟ್ ಮಾಡೋ ಸ್ವಿಚ್), ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್, ಏಪ್ರಿಲ್ ಮೇ ಸಿಡಿಲು ನೋಡಿದೋರಿಗೆ ಇದನ್ನ ವಿವರಿಸೋದು ಬೇಡ. ಅರ್ತಿಂಗ್ ಸರಿ ಇಲ್ಲ ಅಂದ್ರೆ ಎಷ್ಟೋ ಕಾರು ಚಾರ್ಜೇ ತಗೊಳ್ಳಲ್ಲ, ಮಳೆಗಾಲದಲ್ಲಿ ತಗೊಂಡು ಬೇಸಿಗೇಲಿ ಬಿಟ್ರೆ ಮಣ್ಣು ಒಣಗಿದೆ ಅಂತ ಅರ್ಥ, ಗುಂಡಿಗೆ ನೀರು ಹುಯ್ಯಿ. ಲೈನಿನ ತುದೀಲಿ ಇರೋ ಮನೆಗಳಿಗೆ ಸಂಜೆ ವೋಲ್ಟೇಜ್ ಬೀಳುತ್ತಲ್ಲ, ಕಾರಲ್ಲಿ ಟೈಮರ್ ಇರುತ್ತೆ, ರಾತ್ರಿ ಹನ್ನೊಂದರ ಮೇಲೆ ಶುರು ಅಂತ ಇಟ್ಬಿಡಿ.

ಮನೆ ಕನೆಕ್ಷನ್ನಲ್ಲೇ ಚಾರ್ಜ್ ಮಾಡ್ಬಹುದಾ ಅಂತ ಕೇಳ್ತಾರೆ, ಮಾಡ್ಬಹುದು, ಕೇಂದ್ರದ ಮಾರ್ಗಸೂಚಿಯಲ್ಲೇ ಇದೆ. ಪಂಪ್‌ಸೆಟ್ ಕನೆಕ್ಷನ್ನಿಂದ ಮಾತ್ರ ಎಳೀಬೇಡಿ. ಶೆಡ್ ಪಕ್ಕದಲ್ಲೇ ಮೋಟರ್ ಮನೆ ಇದೆ ಅಂತ ಒಂದು ವೈರ್ ಎಳ್ಕೊಂಡ್ರೆ ಅದು ವಿದ್ಯುತ್ ಕಾಯ್ದೆ ಸೆಕ್ಷನ್ 126ರಲ್ಲಿ ಅನಧಿಕೃತ ಬಳಕೆ, ಸ್ಕ್ವಾಡ್ ಬಂದು ನೋಡಿದ್ರೆ ಎರಡು ಪಟ್ಟು ದರ, ಯಾವಾಗಿಂದ ಅಂತ ಗೊತ್ತಾಗ್ಲಿಲ್ಲ ಅಂದ್ರೆ ಹಿಂದಿನ ಹನ್ನೆರಡು ತಿಂಗಳಿಗೂ ಹಾಕ್ತಾರೆ. ಒಂದು ವರ್ಷ ಉಳ್ಸಿದ್ದು ಒಂದೇ ದಿನ ಹೋಗುತ್ತೆ.

ಇನ್ನು ಇವಿಗೆ ಅಂತಾನೇ ಬೇರೆ ದರ ಇದೆ, ಎಲ್‌ಟಿ-6ಸಿ, 2023ರ ಆದೇಶದಲ್ಲಿ ಯೂನಿಟ್ಟಿಗೆ 5ರಿಂದ 4.50ಕ್ಕೆ ಇಳಿಸಿದ್ರು. ಟ್ಯಾಕ್ಸಿ ಎರಡು ಮೂರು ಇಟ್ಟಿರೋರು, ಹೋಮ್‌ಸ್ಟೇ ನಡ್ಸೋರು ಇದಕ್ಕೆ ಪ್ರತ್ಯೇಕ ಕನೆಕ್ಷನ್ ಆಗುತ್ತಾ ಅಂತ ಸೆಕ್ಷನ್ ಆಫೀಸಲ್ಲಿ ಕೇಳಿ ಎಸ್ಟಿಮೇಟ್ ಬರೆಸಿ. ಮನೆ ಮೀಟರ್ ಮೇಲೆ ಲೋಡ್ ಬೀಳಲ್ಲ, ಗೃಹಜ್ಯೋತಿ ಉಳಿಯುತ್ತೆ. ಆದ್ರೆ ಇದಕ್ಕೂ ಫಿಕ್ಸೆಡ್ ಚಾರ್ಜ್ ಬೇರೆ, ಹಾಗಾಗಿ ತಿಂಗಳಿಗೆ 500 ಕಿಲೋಮೀಟರ್ ಓಡ್ಸೋರಿಗೆ ಗಿಟ್ಟಲ್ಲ.

ಹೊರಗಡೆ ಫಾಸ್ಟ್ ಚಾರ್ಜರಲ್ಲಿ ಎಲ್ಲ ಸೇರಿ 18ರಿಂದ 25 ಬೀಳುತ್ತೆ. ಯಾಕಷ್ಟು ಅಂದ್ರೆ ಯಂತ್ರದ ಖರ್ಚು, ಜಾಗದ ಬಾಡಿಗೆ, ಮೇಲೆ 18% ಜಿಎಸ್‌ಟಿ. ಮನೆ ಕರೆಂಟಿಗೆ ಜಿಎಸ್‌ಟಿ ಇಲ್ಲ, ಹೊರಗೆ ತುಂಬಿಸಿದ್ರೆ ಇದೆ, ಯಾಕಂದ್ರೆ ಅದು ಕರೆಂಟ್ ಮಾರಾಟ ಅಲ್ಲ, ಸರ್ವೀಸ್ ಅಂತ. ತಮಾಷೆ ಏನಂದ್ರೆ ಈ ಪ್ರಶ್ನೆನ 2023ರಲ್ಲಿ ಕರ್ನಾಟಕದ ಅಡ್ವಾನ್ಸ್ ರೂಲಿಂಗ್ ಅಥಾರಿಟಿ (ಜಿಎಸ್‌ಟಿ ಬೀಳುತ್ತಾ ಅಂತ ಮೊದ್ಲೇ ತೀರ್ಮಾನ ಹೇಳೋ ಪ್ರಾಧಿಕಾರ) ಮುಂದೆ ಇಟ್ಟಿದ್ದು ನಮ್ಮ ಚೆಸ್ಕಾಂ, ಉತ್ತರ ಬಂದಿದ್ದು 18%. 20 ರೂಪಾಯಿ ಹಿಡಿದ್ರೂ ಕಿಲೋಮೀಟರಿಗೆ 3 ರೂಪಾಯಿ ಚಿಲ್ಲರೆ, ಪೆಟ್ರೋಲಿನ ಅರ್ಧ. ಬೆಂಗಳೂರಿಗೆ ಹೋಗೋವಾಗ ಪರವಾಗಿಲ್ಲ, ಆದ್ರೆ ಮನೇಲಿ ಪಾಯಿಂಟ್ ಹಾಕಿಸದೆ ಬರೀ ಹೊರಗಿನದನ್ನೇ ನಂಬಿ ಕಾರು ತಗೊಂಡ್ರೆ ಉಳಿತಾಯದ ಮಾತು ಆಡ್ಬೇಡಿ.

ಘಾಟಿ ಹತ್ತೋಕೆ ಎಷ್ಟು ಕರೆಂಟ್ ಬೇಕು ಅಂತ ಕೇಳಿದ್ರಲ್ಲ. ಸಂಪಾಜೆಯಿಂದ ಮಡಿಕೇರಿಗೆ ಸುಮಾರು 1,000 ಮೀಟರ್ ಏರ್ತೀವಿ. ಒಂದೂವರೆ ಟನ್ ಗಾಡಿನ ಅಷ್ಟು ಎತ್ತರಕ್ಕೆ ಎತ್ತೋಕೆ ಬರೀ ಎತ್ತೋದಕ್ಕೇ 4 ಯೂನಿಟ್ ಬೇಕು, ಇದು ಶಾಲೆ ಲೆಕ್ಕ, ಯಾವ ಕಂಪನಿ ಕಾರಾದ್ರೂ ಅಷ್ಟೇ. ರೋಡಿನ ಖರ್ಚು ಸೇರಿ 8 ಹತ್ರ ಹೋಗುತ್ತೆ, ಡಿಸ್‌ಪ್ಲೇಲಿ ರೇಂಜ್ ಬೀಳೋದು ನೋಡಿ ಹೊಸಬರು ಹೆದರ್ತಾರೆ. ದುಡ್ಡಲ್ಲಿ ಅದು 50 ರೂಪಾಯಿ ಚಿಲ್ಲರೆ. ಇಳಿಯೋವಾಗ ಮೋಟರ್ ಬ್ರೇಕ್ ಹಿಡಿದು ಬ್ಯಾಟರಿಗೆ ವಾಪಸ್ ತುಂಬುತ್ತೆ, ಪೂರ್ತಿ ಅಲ್ಲ, ಏರೋಕೆ ಹಾಕಿದ್ದರಲ್ಲಿ ಒಂದು ಪಾಲು ಬರುತ್ತೆ, ಬ್ರೇಕ್ ಪ್ಯಾಡೂ ಸವೆಯಲ್ಲ. ಆದ್ರೆ ಮಡಿಕೇರೀಲಿ ರಾತ್ರಿ 100% ತುಂಬಿಸಿ ಬೆಳಿಗ್ಗೆ ಸುಳ್ಯ ಕಡೆ ಇಳಿದ್ರೆ ತುಂಬಿದ ಕೊಡಕ್ಕೆ ನೀರು ಹುಯ್ದಂಗೆ, ವಾಪಸ್ ಬರೋ ಕರೆಂಟಿಗೆ ಜಾಗನೇ ಇರಲ್ಲ, ಬ್ರೇಕೂ ಬೇರೆ ಥರ ಅನ್ಸುತ್ತೆ. ಮಂಗಳೂರು ಕಡೆ ಹೋಗೋ ದಿನ 85ಕ್ಕೆ ನಿಲ್ಲಿಸಿ, ಮೈಸೂರು ಕಡೆ ಆದ್ರೆ ಇಳಿಜಾರು ಅಷ್ಟಿಲ್ಲ, 90 ಇದ್ರೆ ಸಾಕು.

ಸೋಲಾರ್ ಹಾಕ್ಲಾ ಅಂತ ಕೇಳೋರಿಗೆ, ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟಿಗೆ 78,000 ಸಬ್ಸಿಡಿ ಇದೆ, ಬಿಲ್ ಸೊನ್ನೆ ಇರೋ ಮನೆಗೆ ಅದು ಬೇಕಾಗಿಲ್ಲ, ಕಾರು ಬಂದು 250 ದಾಟೋ ಮನೆಗೆ ಲೆಕ್ಕ ಹಾಕ್ಬಹುದು. ಬಿಸಿಲಿದ್ದ ದಿನ ಕಿಲೋವ್ಯಾಟಿಗೆ 4 ಯೂನಿಟ್ ಬರುತ್ತೆ ಅಂತಾರೆ, ಜೂನಿಂದ ಸೆಪ್ಟೆಂಬರ್ ನಮ್ಮಲ್ಲಿ ಅದು ಬರಲ್ಲ, ಮೈಸೂರಿನ ಕೊಟೇಶನ್ ನಂಬಿ ಭಾಗಮಂಡಲದಲ್ಲಿ ಪ್ಯಾನೆಲ್ ಹಾಕ್ಬೇಡಿ ಅಷ್ಟೇ. ಮರದ ನೆರಳೂ ನೋಡಿ.

ಕೊನೇಲಿ ಒಂದೆರಡು ಪ್ರಶ್ನೆ ಬಂತು, ಚೆನ್ನಾಗಿತ್ತು, ಅದನ್ನೂ ಹಾಕ್ತೀನಿ.

ಹಿಂದೆ ಕೂತಿದ್ದ ಹಿರಿಯರೊಬ್ಬರು, "ಅಲ್ಲ ಮಾರಾಯ, ಜುಲೈಲಿ ಮರ ಬಿದ್ರೆ ನಮ್ ಕಡೆ ನಾಲ್ಕು ದಿನ ಕರೆಂಟ್ ಇರಲ್ಲ, ಆಗ ಕಾರು ಏನ್ ಮಾಡ್ಲಿ, ಜನರೇಟರಲ್ಲಿ ಚಾರ್ಜ್ ಮಾಡ್ಲಾ?" ಅಂದ್ರು. ಎಲ್ಲ ನಕ್ರು, ಆದ್ರೆ ಲೆಕ್ಕ ಹಾಕಿ ನೋಡಿ. ಸಣ್ಣ ಡೀಸೆಲ್ ಜನರೇಟರ್ ಲೀಟರಿಗೆ 3 ಯೂನಿಟ್ ಕೊಡುತ್ತೆ, ಡೀಸೆಲ್ 90ರ ಮೇಲೆ, ಯೂನಿಟ್ಟಿಗೆ 30 ರೂಪಾಯಿ. ಕಿಲೋಮೀಟರಿಗೆ 5 ರೂಪಾಯಿ ಆಸುಪಾಸು. ಅಂದ್ರೆ ಜನರೇಟರಲ್ಲಿ ತುಂಬಿಸಿದ್ರೂ ಪೆಟ್ರೋಲ್ ಕಾರಿಗಿಂತ ಕಮ್ಮಿನೇ! ದಿನಾ ಮಾಡಿ ಅಂತಲ್ಲ, ತುರ್ತಿಗೆ ಆಗುತ್ತೆ ಸರ್, ಜನರೇಟರ್ 5 ಕೆವಿಎ ಇರ್ಬೇಕು, ಅರ್ತಿಂಗ್ ಕೊಟ್ಟಿರ್ಬೇಕು, ಕಾರಲ್ಲಿ ಆಂಪ್ ಕಮ್ಮಿ ಮಾಡೋ ಸೆಟ್ಟಿಂಗ್ ಇದ್ರೆ 10ಕ್ಕೆ ಇಳಿಸಿ. ಇನ್ವರ್ಟರ್ ಬ್ಯಾಟರಿಯಿಂದ ಬೇಡ, ಅದರಲ್ಲಿ ಇರೋದೇ ಎರಡು ಯೂನಿಟ್ ಒಳಗೆ.

ಅವರ ಪಕ್ಕದಲ್ಲಿದ್ದ ಅಕ್ಕ, "ಉಲ್ಟಾ ಕಾರಿಂದ ಮನೆಗೆ ಕೊಡೋಕಾಗುತ್ತಾ?" ಅಂದ್ರು, ನಂಗೆ ಇಡೀ ದಿನದಲ್ಲಿ ಇಷ್ಟ ಆದ ಪ್ರಶ್ನೆ. ಆಗುತ್ತೆ ಅಕ್ಕ, ಎಲ್ಲ ಕಾರಲ್ಲೂ ಅಲ್ಲ, ವಿ2ಎಲ್ ಅಂತ, ಅಂದ್ರೆ ಕಾರಿನ ಬ್ಯಾಟರಿಯಿಂದ ಹೊರಗಿನ ಸಾಮಾನಿಗೆ ಕರೆಂಟ್ ಕೊಡೋ ಸೌಲಭ್ಯ, ಇರೋದ್ರಲ್ಲಿ. ಫ್ರಿಜ್ ದಿನಕ್ಕೆ ಒಂದೂವರೆ ಯೂನಿಟ್, ನಾಲ್ಕು ಲೈಟು, ಫೋನು, ವೈಫೈ ಸೇರಿ 3 ಯೂನಿಟ್ ಅನ್ಕೊಳ್ಳಿ, ಕಾರಲ್ಲಿ 40 ಇದೆ, ನಾಲ್ಕು ದಿನಕ್ಕೆ 12 ಹೋಯ್ತು, ಇನ್ನೂ ಗೋಣಿಕೊಪ್ಪಕ್ಕೆ ಹೋಗಿ ಬರೋಕೆ ಧಾರಾಳ ಉಳಿದಿರುತ್ತೆ. ಆದ್ರೆ ಕಾರಿಂದ ಎಕ್ಸ್‌ಟೆನ್ಶನ್ ಬಾಕ್ಸ್ ಎಳ್ದು ಫ್ರಿಜ್ಜಿಗೆ ನೇರ ಕೊಡಿ. ಮನೆ ಸಾಕೆಟ್ಟಿಗೆ ಎರಡೂ ಕಡೆ ಪಿನ್ ಇರೋ ವೈರ್ ಹಾಕಿ ಇಡೀ ಮನೆಗೆ ಕೊಡೋ ಬುದ್ಧಿವಂತಿಕೆ ಬೇಡ, ಮೇನ್ ಆಫ್ ಮಾಡೋದು ಮರೆತ್ರೆ ಕರೆಂಟ್ ವಾಪಸ್ ಲೈನಿಗೆ ಹೋಗುತ್ತೆ, ಅದೇ ಹೊತ್ತಿಗೆ ಮಳೇಲಿ ಕಂಬ ಹತ್ತಿರೋ ಲೈನ್‌ಮ್ಯಾನ್ ಲೈನ್ ಸತ್ತಿದೆ ಅಂತ ಕೈ ಇಟ್ಟಿರ್ತಾನೆ. ಇಡೀ ಮನೆಗೇ ಬೇಕು ಅಂದ್ರೆ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಜನರೇಟರಿಗೆ ಹಾಕ್ತಾರಲ್ಲ ಅದೇ, ನನ್ನ ಹತ್ರಾನೇ ಹಾಕಿಸ್ಬೇಕು ಅಂತಿಲ್ಲ, ಲೈಸೆನ್ಸ್ ಇರೋ ಯಾರ ಹತ್ರ ಆದ್ರೂ ಆಯ್ತು.